ಮೇಸ್ತ್ರಿಯ ಗುಂಡಿ, ನನ್ನ ಗೀಟು

ಭೂಕಂಪ ಮಾಪಕವನ್ನು ನೆಲದಲ್ಲಿ ಕೂರಿಸುವವನಿಗೆ ಉತ್ತರ ದಿಕ್ಕು ಸರಿಯಾಗಿ ಗೊತ್ತಿರಬೇಕು. ಉಳಿದದ್ದೆಲ್ಲ ಆಮೇಲೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲನೇ ದಿನವೇ ಇದನ್ನು ಹೇಳುತ್ತೇನೆ, ಸ್ವಲ್ಪ ದನಿ ಏರಿಸಿಯೇ ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಈ ಮನುಷ್ಯ ಯಾಕೆ ಇಷ್ಟು ರೇಗುತ್ತಾನೆ ಅಂತ ಅವರಿಗೆ ಅನ್ನಿಸಿರಲೂಬಹುದು. ದೇವಸಮುದ್ರದ ಹೊಲದಲ್ಲಿ ನಡೆದದ್ದನ್ನು ನಾನು ಅವರಿಗೆ ಬಾಯಿಬಿಟ್ಟು ಹೇಳಿಲ್ಲ. ಬಾಯಲ್ಲಿ ಹೇಳುವ ಹಾಗೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಮ್ಮ ತಂಡಕ್ಕೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕೆಲವು ಕಡೆ ಮಾಪಕ ಹೂಳುವ ಕೆಲಸ ಬಂದಿತ್ತು. ನಮ್ಮ ಸೀಮೆಯ ಭೂಕಂಪ ಅಳೆಯುವುದಕ್ಕಲ್ಲ, ಇಲ್ಲಿ ನೆಲ ನಡುಗುವುದು ಅಪರೂಪ. ನಮಗೆ ದೂರದ್ದು ಬೇಕಿತ್ತು. ಫಿಜಿ ದ್ವೀಪಗಳ ಕಡೆ ಎಲ್ಲೋ ಆಳದಲ್ಲಿ ಬಂಡೆ ಮುರಿದರೆ ಅದರ ಅಲೆ ಭೂಮಿಯ ಹೊಟ್ಟೆಯೊಳಕ್ಕೆ ಇಳಿದು, ನಡುವಿನ ಕರಗಿದ ಕಬ್ಬಿಣದ ಗರ್ಭವನ್ನು ದಾಟಿ, ಅರ್ಧ ಗಂಟೆಯೊಳಗೆ ನಮ್ಮ ಶೇಂಗಾ ಹೊಲದ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಹೊಲದಲ್ಲಿ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ, ಮಾಪಕಕ್ಕೆ ಗೊತ್ತಾಗುತ್ತದೆ. ಬರುವ ದಾರಿಯಲ್ಲಿ, ನೂರಾರು ಕಿಲೋಮೀಟರ್ ಆಳದ ಕಲ್ಲಿನಲ್ಲಿ, ಮರದಲ್ಲಿ ಇರುವಂತೆ ಎಳೆ ಇದ್ದರೆ ಆ ಅಲೆ ಎರಡಾಗಿ ಸೀಳುತ್ತದೆ. ಎಳೆಯ ಉದ್ದಕ್ಕೆ ಅಲುಗುವುದು ಒಂದೆರಡು ಕ್ಷಣ ಮುಂದೆ ಬಂದರೆ, ಅಡ್ಡಕ್ಕೆ ಅಲುಗುವುದು ಹಿಂದೆ ಬೀಳುತ್ತದೆ. ಆ ಸೀಳು ನೋಡಿ ಎಳೆ ಯಾವ ಕಡೆ ಮಲಗಿದೆ, ಬಹಳ ಹಿಂದೆ ಆ ಕಲ್ಲು ಯಾವ ಕಡೆ ಹರಿದಿತ್ತು ಎಂದು ಹೇಳಬಹುದು. ಆದರೆ ಮಾಪಕದ ಉತ್ತರವೇ ತಪ್ಪಾಗಿದ್ದರೆ ಇದೆಲ್ಲವೂ ತಪ್ಪು.

ಈ ಎಳೆಯ ದಿಕ್ಕನ್ನೇ ಹಿಡಿದು ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಸಂಶೋಧಕಿ ನಮ್ಮ ತಂಡದಲ್ಲಿದ್ದರು. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು, ಆದರೂ ನಾನು ಮೇಡಂ ಅನ್ನುತ್ತಿದ್ದೆ. ಮಾಪಕ ಹೂಳುವುದು, ತಿಂಗಳಿಗೊಮ್ಮೆ ಹೋಗಿ ದಾಖಲೆ ತರುವುದು ನನ್ನ ಕೆಲಸ. ಅದರಿಂದ ಅರ್ಥ ತೆಗೆಯುವುದು ಅವರ ಕೆಲಸ. ನಾನು ತಂದದ್ದನ್ನು ಅವರು ನಂಬಬೇಕು, ಬೇರೆ ದಾರಿಯಿಲ್ಲ.

ಜಾಗ ಹುಡುಕುವುದೇ ಒಂದು ತಪಸ್ಸು. ಚಳ್ಳಕೆರೆಯ ಹತ್ತಿರ ಒಂದು ಶಾಲೆಯ ಹಿಂದೆ ಪರೀಕ್ಷೆಗೆಂದು ಇಟ್ಟೆವು, ಎಣ್ಣೆ ಮಿಲ್ಲುಗಳ ಗುಂಯ್ಗಾಟ ಮಾಪಕ ಬರೆಯುವ ಗೆರೆಯನ್ನು ಹಗಲಿಡೀ ಕೆಡಿಸಿತು. ಮೊಳಕಾಲ್ಮೂರಿನಲ್ಲಿ ಇಟ್ಟರೆ ಮಗ್ಗ. ಸೀರೆ ನೇಯುವವರು ಹಲಗೆ ಬಡಿದಾಗಲೆಲ್ಲ ಗೆರೆಯ ಮೇಲೆ ಒಂದೊಂದು ಮುಳ್ಳು. ಊಟಕ್ಕೆ ಎದ್ದರೆ ಶಾಂತ, ಮತ್ತೆ ಕೂತರೆ ಟಕ್ ಟಕ್. ಆ ಬೀದಿಯವರು ಎಷ್ಟು ಹೊತ್ತಿಗೆ ಊಟ ಮಾಡುತ್ತಾರೆಂದು ಹೇಳಬಹುದಿತ್ತು, ಭೂಮಿಯ ಗರ್ಭದ ಬಗ್ಗೆ ಮಾತ್ರ ಏನೂ ಹೇಳಲಾಗುತ್ತಿರಲಿಲ್ಲ. ವರವು ಕಾವಲಿನ ಹುಲ್ಲುಬಯಲು ಕಣ್ಣಿಗೆ ಚೆನ್ನಾಗಿತ್ತು, ಆದರೆ ಅಲ್ಲಿ ಈಗ ಸರ್ಕಾರಿ ಸಂಸ್ಥೆಗಳ ಬೇಲಿ. ಆ ಆಸೆ ಬಿಟ್ಟೆವು. ಕೊನೆಗೆ ದೇವಸಮುದ್ರದಿಂದಾಚೆ, ರಸ್ತೆಗೆ ದೂರವಾದ ಒಂದು ಹೊಲದ ಮೂಲೆಯಲ್ಲಿ ಮೊಣಕಾಲುದ್ದದ ಮಣ್ಣಿನ ಕೆಳಗೇ ಕಲ್ಲು ಸಿಕ್ಕಿತು. ಒಂದು ಹಗಲು ಇಟ್ಟು ನೋಡಿದೆವು. ಗೆರೆ ಅಲುಗಲೇ ಇಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಹೊಲದ ಯಜಮಾನಿ ಅರವತ್ತರ ಆಸುಪಾಸಿನವರು. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಒಂದು ಹಿಂಡು ಕುರಿ. ಎಲ್ಲರ ಮೇಲೂ ಅವರದೇ ದರ್ಬಾರು. ಮನೆಮಾತು ತೆಲುಗು, ಊರಮಾತು ಕನ್ನಡ, ಬೈಯುವಾಗ ಎರಡೂ. ನನ್ನನ್ನು ಮೊದಲ ದಿನದಿಂದಲೇ ‘ನಾಯನಾ’ ಎಂದು ಕರೆದರು. ನಾನು ಅದೇ ಸೀಮೆಯ ತಳಕು ಊರಿನವನೆಂದು ಗೊತ್ತಾದ ಮೇಲಂತೂ ಮನೆಯ ಹುಡುಗನಂತೆ ಗದರಿಸಲು ಶುರುಮಾಡಿದರು.

“ಏನ್ ಹೂಳ್ತೀಯಾ ನಾಯನಾ ನಮ್ಮ ಹೊಲದಾಗೆ? ಬಾಂಬು ಗೀಂಬು ಅಲ್ಲ ತಾನೇ?”

“ಇಲ್ಲವ್ವ, ಇದು ಬರೀ ಕೇಳಿಸ್ಕೊಳ್ಳೋ ಯಂತ್ರ. ಭೂಮಿ ಒಳಗಿನ ಸದ್ದು ಕೇಳಿಸ್ಕೊಂತೈತೆ.”

“ಬೋರಿಗೆ ನೀರು ಎಲ್ಲಿ ಐತೆ ಅಂತ ಹೇಳ್ತೈತಾ?”

“ಅಷ್ಟು ಮೇಲಿಂದು ಇದಕ್ಕೆ ತಿಳಿಯಲ್ಲ. ಬಹಳ ಆಳದ್ದು ಇದು ಕೇಳೋದು.”

“ನೀರಿಗಿಂತ ಆಳದ್ದು ಯಾರಿಗೆ ಬೇಕಾಗಿತ್ತೋ!” ಎಂದು ನಕ್ಕುಬಿಟ್ಟರು. ಆದರೂ ಜಾಗ ಕೊಟ್ಟರು.

ಹೊಲದವರು ಕಾಪಾಡದಿದ್ದರೆ ಯಾವ ಮಾಪಕವೂ ಉಳಿಯುವುದಿಲ್ಲ. ಅದಕ್ಕೇ ನಾನು ಅವರಿಗೆ ಮನಸ್ಸಿಗೆ ಹತ್ತುವ ಹಾಗೆ ವಿವರಿಸಿದೆ. ಆ ವಿವರಣೆ ಮುಂದೆ ನನ್ನ ತಲೆಗೇ ಬಂತು, ಆದ್ದರಿಂದ ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ಅವ್ವ, ಇದು ಹಸುಗೂಸು ಇದ್ದಂಗೆ ಅಂತ ತಿಳ್ಕೋರಿ. ಗಾಳಿ ತಾಗಬಾರದು, ಬಿಸಿಲು ಬೀಳಬಾರದು, ಹತ್ರ ಯಾರೂ ದಡಬಡ ಓಡಾಡಬಾರದು. ಕತ್ತಲಾಗೆ, ಬೆಚ್ಚಗೆ, ಸುಮ್ನೆ ಮಲಗಿರಬೇಕು.”

“ಬಾಣಂತಿ ಕೋಣೆ ಅನ್ನು.”

“ಹೂಂ ಅವ್ವ, ಅದೇ.”

ಅವರು ಬಹಳ ಗಂಭೀರವಾಗಿ ತಲೆಯಾಡಿಸಿದರು. ಎಂಥ ಸೊಗಸಾಗಿ ವಿಜ್ಞಾನ ತಿಳಿಸಿಬಿಟ್ಟೆ ಅಂತ ನಾನೂ ಬೀಗಿದೆ.

ಗುಂಡಿ ಕಟ್ಟಲು ತಳಕಿನಿಂದ ಗಾರೆ ಮೇಸ್ತ್ರಿಯನ್ನು ಕರೆಸಿದೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಲೆಕ್ಕದಲ್ಲಿ ಮುಂದು, ಅವನು ಉಳಿದೆಲ್ಲದರಲ್ಲೂ ಮುಂದು. ಬಂದವನು ಹಾರೆ ಹಿಡಿಯಲೇ ಇಲ್ಲ. ಬೆಳಿಗ್ಗೆ ಒಂದು ಕೋಲು ನೆಟ್ಟಗೆ ನೆಟ್ಟ, ಅದಕ್ಕೆ ಹಗ್ಗ ಕಟ್ಟಿ ಸುತ್ತಲೂ ಒಂದು ವೃತ್ತ ಎಳೆದ, ಕೋಲಿನ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಕಡೆ ಒಂದು ಕಲ್ಲು ಇಟ್ಟ. ಮಧ್ಯಾಹ್ನ ಕಳೆದು, ನೆರಳು ಮತ್ತೆ ಉದ್ದವಾಗಿ ಇನ್ನೊಂದು ಮಗ್ಗುಲಲ್ಲಿ ವೃತ್ತ ಮುಟ್ಟಿದಾಗ ಇನ್ನೊಂದು ಕಲ್ಲು ಇಟ್ಟ. ಎರಡು ಕಲ್ಲಿಗೂ ದಾರ ಎಳೆದರೆ ಅದು ಪೂರ್ವ ಪಶ್ಚಿಮ. ಇಡೀ ಒಂದು ದಿನ ಇದಕ್ಕೇ ಹೋಯಿತು.

“ಲೇ, ಇದು ಮನೆ ಅಲ್ಲಲೇ, ಗುಂಡಿ. ಇದಕ್ಕೆ ದಿಕ್ಕು ಕಟ್ಕೊಂಡು ಏನ್ ಮಾಡ್ತೀಯಾ?” ಎಂದು ರೇಗಿದೆ.

“ಗೋಡೆ ಅಂದ್ಮೇಲೆ ಗೋಡೆ. ನಮ್ಮಪ್ಪ ತಿಪ್ಪೆಗುಂಡಿನೂ ದಿಕ್ಕು ನೋಡೇ ಕಟ್ತಿದ್ದ,” ಎಂದು ಅವನು ಬೀಡಿ ಹಚ್ಚಿದ.

ಮೇಲಿನ ಪುಡಿಗಲ್ಲು ಕಿತ್ತು ಗಟ್ಟಿ ಬಂಡೆ ಮುಟ್ಟಲು ಮೂರು ದಿನ ಹಿಡಿಯಿತು. ಸುತ್ತ ಇಟ್ಟಿಗೆ ಗೋಡೆ ಎದ್ದಿತು. ನಡುವೆ, ಗೋಡೆಗೆ ಎಲ್ಲೂ ತಾಗದಂತೆ, ಬಂಡೆಯ ಮೇಲೆ ಗೇಣೆತ್ತರದ ಒಂದು ಕಾಂಕ್ರೀಟು ಕಟ್ಟೆ ಬರಬೇಕು. ಮಾಪಕ ಕೂರುವುದು ಅದರ ಮೇಲೆ. ಗೋಡೆ ಗಾಳಿಗೆ ಅಲುಗಿದರೂ ಕಟ್ಟೆ ಅಲುಗಬಾರದು. ಕಟ್ಟೆಯೊಳಗೆ ಕಬ್ಬಿಣದ ಸರಳು ಹಾಕಬಾರದೆಂದು ಮೇಸ್ತ್ರಿಗೆ ಹತ್ತು ಸಲ ಹೇಳಿದ್ದೆ. ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ಅದರ ಕಡೆಗೆ ಹೊರಳುತ್ತದೆ.

ಕಾಂಕ್ರೀಟು ಹಾಕುವ ಬೆಳಿಗ್ಗೆ ಸಿಮೆಂಟು ಸಾಲದಾಯಿತು. ಅಷ್ಟರಲ್ಲಿ ಯಜಮಾನಿ ಅರಿಸಿನ, ಕುಂಕುಮ, ತೆಂಗಿನಕಾಯಿ ಹಿಡಿದು ಬಂದರು.

“ನಿಮ್ಮ ಪೂಜೆ ಮುಗಿಸಿಬಿಡ್ರವ್ವ, ನಾನು ಊರಾಗೆ ಹೋಗಿ ಸಿಮೆಂಟು ತರ್ತೀನಿ,” ಎಂದು ಗಾಡಿ ಹತ್ತಿದೆ. ಮುಕ್ಕಾಲು ಗಂಟೆ ಬಿಟ್ಟು ಬಂದಾಗ ಪೂಜೆ ಮುಗಿದಿತ್ತು. ಇದ್ದ ಸಿಮೆಂಟಿನಲ್ಲೇ ಮೇಸ್ತ್ರಿ ಕಟ್ಟೆಯ ಮೊದಲ ಪದರ ಹಾಕಿ ಮುಗಿಸಿದ್ದ. ಇಬ್ಬರೂ ಬಹಳ ಸುಮ್ಮನಿದ್ದರು. ಬಿಸಿಲಿಗೆ ಸುಸ್ತಾಗಿರಬೇಕು ಅಂದುಕೊಂಡೆ.

ವಾರವೆಲ್ಲ ನೀರು ಹಾಕಿ ಕಟ್ಟೆ ಗಟ್ಟಿಯಾದ ಮೇಲೆ ಗೀಟು ಎಳೆಯುವ ದಿನ ಬಂತು. ಹಾರೆ, ಸನಿಕೆ, ಬಾಂಡ್ಲಿ, ನನ್ನ ಬೀಗದ ಕೈ, ಮೊಬೈಲು, ಮೇಸ್ತ್ರಿಯ ಬೈಕು ಎಲ್ಲವನ್ನೂ ದೂರ ಸಾಗಿಸಿದೆ. ಬೆಲ್ಟಿನ ಬಕಲ್ಲು ಕಬ್ಬಿಣದ್ದೆಂದು ಬೆಲ್ಟೂ ಬಿಚ್ಚಿಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಗುಂಡಿಗೆ ಇಳಿದೆ. ಯಜಮಾನಿಯ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಈಗಲೂ ನೆನಪಿದೆ. ದಿಕ್ಸೂಚಿಯನ್ನು ಕಟ್ಟೆಯ ಮೇಲಿಟ್ಟು, ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು, ಪೆನ್ಸಿಲ್ಲಿನಲ್ಲಿ ಉತ್ತರದ ಗೀಟು ಎಳೆದೆ. ಆಮೇಲೆ ಅದನ್ನೇ ಉಳಿಯಿಂದ ಕೊರೆದೆ.

ಮೇಸ್ತ್ರಿ ಮೇಲಿನಿಂದ ಬಗ್ಗಿ ನೋಡಿದ. “ಲೇ, ನಿನ್ನ ಗೀಟು ಸೊಟ್ಟ ಐತೆ.”

“ನಿನ್ನ ಗುಂಡಿ ಸೊಟ್ಟ ಐತೆ.”

“ನಾನು ಸೂರ್ಯನ್ನ ನೋಡಿ ಕಟ್ಟಿದ್ದು.”

“ನಾನು ದಿಕ್ಸೂಚಿ ನೋಡಿ ಎಳೆದಿದ್ದು. ಹೊರದೇಶದ್ದು ಇದು, ಗೊತ್ತಾ?”

ಅವನು ಏನೋ ಹೇಳಲು ಬಾಯಿ ತೆರೆದ, ಯಜಮಾನಿಯ ಮುಖ ನೋಡಿದ, ಸುಮ್ಮನಾದ. ಗೋಡೆಗೂ ಗೀಟಿಗೂ ಇದ್ದ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು. ದಿಕ್ಸೂಚಿಯನ್ನು ಹೊರಗೆ ತಂದು ಬಯಲಲ್ಲಿ ಒಮ್ಮೆ ಇಟ್ಟು ನೋಡಿದ್ದರೆ ಎರಡು ನಿಮಿಷದ ಕೆಲಸ. ನೋಡಲಿಲ್ಲ. ಲೆಕ್ಕದಲ್ಲಿ ಮುಂದಿದ್ದವನು ನಾನಲ್ಲವೇ! ಮಾಪಕವನ್ನು ಗೀಟಿಗೆ ಸರಿಯಾಗಿ ಕೂರಿಸಿ, ಅದರ ಮೂರು ಕಾಲು ತಿರುಗಿಸಿ ಮಟ್ಟ ತೋರಿಸುವ ಗುಳ್ಳೆಯನ್ನು ನಡುವಿಗೆ ತಂದು, ಥರ್ಮೋಕೋಲಿನ ಪೆಟ್ಟಿಗೆ ಮುಚ್ಚಿದೆ. ಮೇಲೆ ಸೋಲಾರ್ ಫಲಕ, ಪಕ್ಕದಲ್ಲಿ ಬ್ಯಾಟರಿ. ಲಾಗ್ ಪುಸ್ತಕದಲ್ಲಿ ‘ಉತ್ತರ ದಿಕ್ಕು: ದಿಕ್ಸೂಚಿಯಿಂದ. ಮರುಪರೀಕ್ಷೆ ಮಾಡಿದೆ’ ಎಂದು ಬರೆದು ಸಹಿ ಹಾಕಿದೆ. ಎಲ್ಲ ಲಾಗಿನಲ್ಲೂ ಹಾಗೇ ಬರೆಯುವುದು ರೂಢಿ. ಕೈ ತಾನಾಗಿ ಬರೆಯಿತು.

ಎರಡು ವರ್ಷ ಆ ಮಾಪಕ ಕೇಳಿಸಿಕೊಂಡಿತು. ನಮ್ಮೆಲ್ಲ ಸ್ಟೇಷನ್ನುಗಳಲ್ಲಿ ಅಷ್ಟು ಶುದ್ಧ ದಾಖಲೆ ಎಲ್ಲೂ ಸಿಗಲಿಲ್ಲ. ಕಾರಣ ಯಜಮಾನಿ. ಕುರಿ ಮಂದೆಯನ್ನು ಹೊಲದ ಇನ್ನೊಂದು ತುದಿಗೆ ಸಾಗಿಸಿದರು. ಉಳಲು ಬಂದ ಟ್ರ್ಯಾಕ್ಟರಿನವನಿಗೆ ಎರಡೂ ಭಾಷೆಯಲ್ಲಿ ಮಂಗಳಾರತಿ ಮಾಡಿ ಆ ಮೂಲೆಗೆ ಬರದಂತೆ ತಡೆದರು. ನಾನು ತಿಂಗಳಿಗೊಮ್ಮೆ ಹೋದಾಗ ಮಜ್ಜಿಗೆ, ಹುರಿದ ಶೇಂಗಾ ಕೊಟ್ಟು ಎದುರು ಕೂರುತ್ತಿದ್ದರು. “ಈ ತಿಂಗಳು ಏನ್ ಕೇಳಿಸ್ಕೊಂತು ನಾಯನಾ ನಮ್ಮ ಕೂಸು?” ನಾನು ಜಪಾನು, ಸುಮಾತ್ರ ಅಂತ ದೂರದ ನಾಡುಗಳ ಹೆಸರು ಹೇಳುತ್ತಿದ್ದೆ. ಅವರು ಒಂದೊಂದಕ್ಕೂ ಅಲ್ಲಿಯ ಜನಕ್ಕೆ ಏನಾಯಿತೆಂದು ಕೇಳುತ್ತಿದ್ದರು. ಅದುವರೆಗೆ ನಾನು ಆ ಪ್ರಶ್ನೆ ಕೇಳಿಕೊಂಡವನೇ ಅಲ್ಲ. ಅವರಿಗೆ ಉತ್ತರ ಹೇಳಬೇಕಲ್ಲ ಎಂದು ಆಮೇಲಾಮೇಲೆ ಓದಿಕೊಂಡು ಹೋಗತೊಡಗಿದೆ. ಆ ಮಜ್ಜಿಗೆಯ ರುಚಿ, ಜಗುಲಿಯ ಆ ತಂಪು ಇನ್ನೂ ಮರೆತಿಲ್ಲ.

ಒಂದು ಸಲ ಸಂಶೋಧಕಿ ಫೋನು ಮಾಡಿದರು. “ಸರ್, ದಿನಾ ಬೆಳಿಗ್ಗೆ ಆರೂವರೆಗೆ ಮಾಪಕದ ಹತ್ತಿರ ಯಾರೋ ನಡೆದು ಬರ್ತಾರೆ, ಸ್ವಲ್ಪ ಹೊತ್ತು ನಿಂತು ವಾಪಸ್ ಹೋಗ್ತಾರೆ. ಯಾರದು?”

ಯಜಮಾನಿಯನ್ನು ಕೇಳಿದೆ. “ಕೂಸನ್ನ ದಿನಕ್ಕೊಂದ್ಸಲನಾದ್ರೂ ಹೋಗಿ ನೋಡ್ಬೇಡವಾ?” ಎಂದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಆ ಹೊತ್ತಿನ ಗೆರೆಯನ್ನು ಸಂಶೋಧಕಿ ಲೆಕ್ಕದಿಂದ ಬಿಟ್ಟುಬಿಟ್ಟರು.

ಎರಡು ವರ್ಷ ತುಂಬುವ ಹೊತ್ತಿಗೆ ಅವರ ಕೆಲಸದಲ್ಲಿ ಒಂದು ಹೊಸ ಸಂಗತಿ ಕಾಣಿಸಿತು. ಸುತ್ತಲ ಎಲ್ಲ ಸ್ಟೇಷನ್ನುಗಳ ಕೆಳಗೂ ಕಲ್ಲಿನ ಎಳೆ ಹೆಚ್ಚುಕಡಿಮೆ ಒಂದೇ ಕಡೆ ಮಲಗಿದ್ದರೆ, ದೇವಸಮುದ್ರದಲ್ಲಿ ಮಾತ್ರ ಅದು ಬೇರೆ ಕಡೆ ಹೊರಳಿತ್ತು. ಹಳೆಯ ನೆಲದ ಎರಡು ತುಂಡುಗಳು ಇಲ್ಲಿ ಆಳದಲ್ಲಿ ಕೂಡಿರಬಹುದು, ಅದನ್ನು ಯಾರೂ ಇದುವರೆಗೆ ನೋಡಿಲ್ಲ ಎಂದು ಅವರು ಹೇಳುವಾಗ ಮುಖ ಹೊಳೆಯುತ್ತಿತ್ತು.

“ಸರ್, ಅಲ್ಲಿ ದಿಕ್ಕು ಸರಿಯಾಗೇ ಇದೆ ಅಲ್ವಾ?” ಎಂದು ಒಮ್ಮೆ ಕೇಳಿದರು.

“ಲಾಗ್ ನೋಡಿ ಮೇಡಂ. ನಾನೇ ಹಾಕಿದ್ದು.”

ಅಷ್ಟಕ್ಕೆ ಅವರು ನಂಬಿದರು. ಪಿಎಚ್.ಡಿ. ಪ್ರಬಂಧದ ಮುಖ್ಯ ಅಧ್ಯಾಯವನ್ನು ಅದರ ಮೇಲೆ ಕಟ್ಟಿದರು. ಸಲ್ಲಿಸಲು ಇನ್ನು ಎರಡು ತಿಂಗಳಿತ್ತು.

ಆಗಲೇ ಮಾಪಕದ ಒಳಗಿನ ತೂಕ ಒಂದು ಕಡೆ ವಾಲಿ ಅಂಟಿಕೊಂಡಿತು. ಅದನ್ನು ಹೊರತೆಗೆದು ಸರಿಮಾಡಲು ಒಂದು ಮಧ್ಯಾಹ್ನ ಹೋದೆ. ಮಾಪಕ ಎತ್ತಿಟ್ಟು, ಕಟ್ಟೆ ಒರೆಸಿ, ಸುಮ್ಮನೆ ಅಭ್ಯಾಸಬಲದಿಂದ ದಿಕ್ಸೂಚಿಯನ್ನು ಗೀಟಿನ ಮೇಲೆ ಇಟ್ಟೆ. ಮುಳ್ಳು ಗೀಟಿಗೆ ಸರಿಯಾಗಿ ನಿಂತಿತು. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತೆಂದು ದಿಕ್ಸೂಚಿಯನ್ನು ಮುಖದ ಹತ್ತಿರ ಎತ್ತಿದೆ. ಮುಳ್ಳು ಮೆಲ್ಲಗೆ ಹೊರಳಿತು. ಕೆಳಗಿಟ್ಟೆ, ಮೊದಲಿನ ಜಾಗಕ್ಕೆ ಬಂತು. ಎತ್ತಿದೆ, ಮತ್ತೆ ಹೊರಳಿತು. ಮೇಲೆ ಹತ್ತಿ ಬಯಲಿಗೆ ಹೋಗಿ ನೋಡಿದೆ. ಮುಳ್ಳು ಮೇಸ್ತ್ರಿಯ ಗೋಡೆಗೆ ಸರಿಸಮನಾಗಿ ನಿಂತಿತ್ತು.

ಅಲ್ಲೇ ಬದುವಿನ ಮೇಲೆ ಕೂತು ಮೇಸ್ತ್ರಿಗೆ ಫೋನು ಹಚ್ಚಿದೆ.

“ಲೇ, ಆ ಕಟ್ಟೆ ಒಳಗೆ ಏನೈತೆ? ನಿಜ ಹೇಳು.”

“ಯಾರಿಗೂ ಹೇಳಬಾರದು ಅಂದಿದ್ರು ಕಣೋ. ಅವ್ವನ್ನೇ ಕೇಳು,” ಎಂದ.

ಯಜಮಾನಿ ಜಗುಲಿಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಕೇಳಿದೆ. ಸುಲಿಯುವ ಕೈ ನಿಂತಿತು.

“ಅದನ್ನ ಬಾಯಿ ಬಿಟ್ಟು ಹೇಳಬಾರದು ನಾಯನಾ. ಹೇಳಿದ್ರೆ ಅದರ ಶಕ್ತಿ ಹೋಗ್ತೈತೆ.”

“ಹೇಳ್ರವ್ವ. ಒಂದು ಹೆಣ್ಣುಮಗಳ ಎರಡು ವರ್ಷದ ಓದು ಇದರ ಮೇಲೆ ನಿಂತೈತೆ.”

“ಕುಳ ಇಟ್ಟೀನಿ. ನಮ್ಮ ಮಾವನ ಕಾಲದ ನೇಗಿಲ ಕುಳ. ಈಗ ಟ್ರ್ಯಾಕ್ಟರ್ ಅಲ್ಲವಾ, ಅಟ್ಟದ ಮೇಲೆ ಸುಮ್ನೆ ಇತ್ತು.” ನನ್ನ ಮುಖ ನೋಡಿ ದನಿ ಸಣ್ಣದಾಯಿತು. “ನೀನೇ ಅಂದ್ಯಲ್ಲ, ಹಸುಗೂಸು ಅಂತ. ತೊಟ್ಲು ಕೆಳಗೆ ಕಬ್ಬಿಣ ಇಡ್ದೆ ಕೂಸನ್ನ ಮಲಗಿಸ್ತಾರಾ?”

ನನ್ನ ಮಗಳು ಹುಟ್ಟಿದಾಗ ನನ್ನ ಅವ್ವ ತೊಟ್ಟಿಲ ಕೆಳಗೆ ಕುಡುಗೋಲು ಇಟ್ಟಿದ್ದಳು. ಹಿತ್ತಲಿನಿಂದ ಅದನ್ನು ತಂದುಕೊಟ್ಟವನು ನಾನೇ. ಈ ಸೀಮೆಯಲ್ಲಿ ಹುಟ್ಟಿ ಬೆಳೆದು, ಹಸುಗೂಸು ಎಂಬ ಮಾತನ್ನು ನಾನೇ ಆಡಿ, ಬಾಣಂತಿ ಕೋಣೆ ಎಂಬುದಕ್ಕೆ ಹೂಂಗುಟ್ಟಿ, ಪೂಜೆ ಮುಗಿಸಿ ಅಂತ ಹೇಳಿ ಎದ್ದುಹೋಗಿದ್ದೆ. ಬೇರೆ ಊರಿನವನು ಯಾರಾದರೂ ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು.

“ಕೂಸಿಗೆ ತೊಂದ್ರೆ ಮಾಡಿದ್ನಾ ನಾನು?” ಯಜಮಾನಿಯ ಕಣ್ಣು ತುಂಬಿತ್ತು.

“ಇಲ್ಲವ್ವ. ಯಂತ್ರಕ್ಕೆ ಏನೂ ಆಗಿಲ್ಲ. ಕಬ್ಬಿಣ ನನ್ನ ದಿಕ್ಸೂಚಿ ಮುಳ್ಳನ್ನ ಎಳೆದೈತೆ, ನಾನು ಸೊಟ್ಟ ಗೀಟು ಹಾಕೀನಿ. ತಪ್ಪು ನಂದು.” ಅವರನ್ನು ಸಮಾಧಾನ ಮಾಡಲು ಇನ್ನೊಂದು ಮಾತೂ ಸೇರಿಸಿದೆ. “ಭೂಮಿ ನಟ್ಟನಡುವೆಯೂ ಕಬ್ಬಿಣಾನೇ ಐತೆ ಅವ್ವ. ಕರಗಿದ ಕಬ್ಬಿಣ. ನಾವು ಕೇಳೋ ಅಲೆ ಅದನ್ನ ದಾಟಿಕೊಂಡೇ ಬರೋದು.”

ಅವರು ಕಣ್ಣು ಒರೆಸಿಕೊಂಡು ನನ್ನನ್ನು ದಿಟ್ಟಿಸಿದರು. “ನೋಡಿದ್ಯಾ ಮತ್ತೆ? ಭೂಮ್ತಾಯಿ ಹೊಟ್ಟೆಯಾಗೆ ದೇವರೂ ಅದನ್ನೇ ಇಟ್ಟಾನೆ.”

ಗುಂಡಿಗೆ ಮರಳಿದೆ. ಮಾಪಕ ಹೊರಗೇ ಇತ್ತು. ಆ ಗಳಿಗೆಯನ್ನು ಮರೆಯಲಾರೆ. ಹಳೆಯ ಗೀಟನ್ನು ಕೆತ್ತಿ ಅಳಿಸಿ, ಗೋಡೆಗೆ ಸರಿಯಾಗಿ ಹೊಸ ಗೀಟು ಹಾಕಿ, ಮಾಪಕ ಕೂರಿಸಿ ಮುಚ್ಚಿದರೆ ಅರ್ಧ ಗಂಟೆ. ಯಾರಿಗೂ ಗೊತ್ತಾಗುವುದಿಲ್ಲ. ಮೇಸ್ತ್ರಿ ಬಾಯಿ ಬಿಡುವವನಲ್ಲ, ಯಜಮಾನಿಯೂ ಅಲ್ಲ. ಉಳಿ ಕೈಯಲ್ಲೇ ಇತ್ತು. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಎರಡು ವರ್ಷ ಮಾಪಕ ಎಷ್ಟು ಸೊಟ್ಟ ಕೂತಿತ್ತು ಎಂಬುದಕ್ಕೆ ಆ ಗೀಟೊಂದೇ ಸಾಕ್ಷಿ. ಅದು ಹೋದರೆ ನನ್ನ ತಪ್ಪು ಮುಚ್ಚಿಹೋಗುತ್ತದೆ, ಆ ಹುಡುಗಿ ಇಲ್ಲದ ನೆಲದ ಬಗ್ಗೆ ತನ್ನ ಹೆಸರಿನಲ್ಲಿ ಬರೆದು ಕೊಡುತ್ತಾಳೆ. ಮುಂದೆ ಯಾರೋ ಅದನ್ನು ಸುಳ್ಳೆಂದು ತೋರಿಸುವಾಗ ನಾನು ಎಲ್ಲಿರುತ್ತೇನೋ!

ಒಳಗೆ ಅಂಟಿದ್ದ ತೂಕವನ್ನು ಬಿಡಿಸಿ, ಸೊಟ್ಟ ಗೀಟಿಗೇ ಸರಿಯಾಗಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ, ಮಾಪಕವನ್ನು ಮತ್ತೆ ಕೂರಿಸಿದೆ. ಮೊದಲ ಸಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಸಂಶೋಧಕಿಗೆ ಫೋನು ಮಾಡಿದೆ.

ಎಲ್ಲವನ್ನೂ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ. “ಸರ್, ನಾನು ನಿಮ್ಮನ್ನ ಕೇಳಿದ್ದೆ.”

“ಕೇಳಿದ್ರಿ ಮೇಡಂ.”

“ಮರುಪರೀಕ್ಷೆ ಮಾಡಿದೆ ಅಂತ ಬರೆದಿದ್ರಿ.”

“ಬರೆದಿದ್ದೆ. ಮಾಡಿರಲಿಲ್ಲ.”

ಫೋನು ಕಟ್ಟಾಯಿತು. ಬೈದಿದ್ದರೆ ಚೆನ್ನಾಗಿತ್ತು. ಮೂರು ದಿನ ಅವರ ಫೋನು ಬರಲಿಲ್ಲ.

ಆ ಮೂರು ದಿನದಲ್ಲಿ ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಅವನು ಬಂದು ಮೊದಲಿನಂತೆಯೇ ಕೋಲು ನೆಟ್ಟ. ಈ ಸಲ ನಾನು ಪಕ್ಕದಲ್ಲಿ ಕೂತು ನೆರಳು ಕಾದೆ. “ಸ್ಕೂಲಾಗೆ ನನ್ನ ಲೆಕ್ಕ ನೋಡಿ ಬರ್ಕೊಂಡಿದ್ರೆ ನೀನು ಫೇಲ್ ಆಗ್ತಿದ್ದೆ. ಈಗ ನೋಡು,” ಎಂದು ಕೆಣಕಿದ. ನಾನು ತಿರುಗಿ ಬೈಯಲಿಲ್ಲ. ದಾರ ಎಳೆದು, ತೂಗುಗುಂಡು ಇಳಿಬಿಟ್ಟು, ದಿಕ್ಕನ್ನು ಗುಂಡಿಯ ತಳಕ್ಕೆ ಇಳಿಸಿದೆವು. ಅದಕ್ಕೂ ನನ್ನ ಗೀಟಿಗೂ ನಡುವಿನ ಕೋನ ಅಳೆದರೆ ಹದಿನಾಲ್ಕು ಡಿಗ್ರಿ ಬಂತು.

ನಾಲ್ಕನೇ ದಿನ ಸಂಶೋಧಕಿಯೇ ಫೋನು ಮಾಡಿದರು. ಭೂಕಂಪದ ಮೊದಲ ಅಲೆ ತಾನು ಬಂದ ದಿಕ್ಕಿಗೇ ನೆಲವನ್ನು ಹಿಂದೆ ಮುಂದೆ ತಳ್ಳುತ್ತದೆ. ಎಲ್ಲಿ ನಡುಗಿತೆಂದು ಗೊತ್ತಿದ್ದರೆ ಆ ದಿಕ್ಕೂ ಗೊತ್ತು. ಎರಡು ವರ್ಷದ ದೊಡ್ಡ ಭೂಕಂಪಗಳನ್ನೆಲ್ಲ ತೆಗೆದು, ಮಾಪಕ ತೋರಿಸಿದ ದಿಕ್ಕಿಗೂ ನಿಜವಾದ ದಿಕ್ಕಿಗೂ ಎಷ್ಟು ಅಂತರ ಎಂದು ಅವರು ಕೂತು ಲೆಕ್ಕ ಹಾಕಿದ್ದರು.

“ನಿಮ್ಮ ಕೋನ ಎಷ್ಟು ಬಂತು, ಮೊದಲು ನೀವು ಹೇಳಿ.”

“ಹದಿನಾಲ್ಕು ಮೇಡಂ.”

ಅವರು ಉಸಿರು ಬಿಟ್ಟದ್ದು ಕೇಳಿಸಿತು. “ನನಗೂ ಅಷ್ಟೇ. ಎಳೆ ಹೊರಳಿದ ಹಾಗೆ ಕಂಡಿದ್ದೂ ಅಷ್ಟೇ. ದಾಖಲೆ ಉಳೀತು ಸರ್, ತಿರುಗಿಸಿ ಬಳಸಬಹುದು. ನನ್ನ ಅಧ್ಯಾಯ ಉಳೀಲಿಲ್ಲ,” ಎಂದರು.

ದೇವಸಮುದ್ರದ ಕೆಳಗೆ ಭೂಮಿ ಸುತ್ತಲ ಎಲ್ಲ ಕಡೆ ಇದ್ದಂತೆಯೇ ಇತ್ತು. ಎರಡು ತುಂಡೂ ಇಲ್ಲ, ಹೊರಳೂ ಇಲ್ಲ. ಅವರು ಅಧ್ಯಾಯವನ್ನು ಬುಡದಿಂದ ಮತ್ತೆ ಬರೆದರು. ತಡವಾಯಿತು, ಆದರೆ ಪದವಿ ಬಂತು. ಒಂದು ಸ್ಟೇಷನ್ನಿನ ದಿಕ್ಕನ್ನು ತಿದ್ದಿದ ಬಗೆ ಹೇಗೆ ಎಂದು ಅದರಲ್ಲಿ ಒಂದು ಪುಟ ಇದೆ. ನನ್ನ ಹೆಸರು ಹಾಕಿ ಅಂತ ನಾನೇ ಕೇಳಿದೆ, ಅವರು ಹಾಕಲಿಲ್ಲ.

ಯೋಜನೆ ಮುಗಿದಾಗ ಸ್ಟೇಷನ್ ಮುಚ್ಚಲು ಎಲ್ಲರೂ ಹೋದೆವು. ಹೊಲವನ್ನು ಮೊದಲಿದ್ದ ಹಾಗೆ ಮಾಡಿ ಕೊಡಬೇಕು. ಸಂಶೋಧಕಿಯೂ ಬಂದಿದ್ದರು. ಅವರು ಕೈಚೀಲದಿಂದ ಒಂದು ಉದ್ದನೆಯ ಹಾಳೆ ತೆಗೆದು ಯಜಮಾನಿಯ ಮುಂದೆ ಹಿಡಿದರು. ಒಂದು ಬೆಳಗಿನ ಗೆರೆ. ಸಾಲಾಗಿ ಸಣ್ಣ ಸಣ್ಣ ಮುಳ್ಳು, ನಡುವೆ ಸ್ವಲ್ಪ ಶಾಂತ, ಮತ್ತೆ ಸಾಲು ಮುಳ್ಳು.

“ಇದು ನೀವು ಅಮ್ಮ. ನೀವು ನಡೆದು ಬಂದಿದ್ದು. ಇಲ್ಲಿ ನಿಂತಿದ್ದೀರಿ. ಇದು ವಾಪಸ್ ಹೋಗಿದ್ದು.”

ಯಜಮಾನಿ ಹಾಳೆಯ ಮೇಲೆ ಬೆರಳಾಡಿಸಿದರು. “ನನ್ನ ಹೆಜ್ಜೆನೂ ಕೇಳಿಸ್ಕೊಂತಾ ಅದು?” ಎಂದರು. ಮಡಿಸದೆ, ಸುರುಳಿ ಸುತ್ತಿ ಸೊಸೆಯ ಕೈಗೆ ಕೊಟ್ಟರು.

ಮೇಸ್ತ್ರಿ ಸುತ್ತಿಗೆಯಿಂದ ಕಟ್ಟೆ ಒಡೆದ. ನಾಲ್ಕೈದು ಏಟಿಗೆ ಕುಳ ಹೊರಬಿತ್ತು. ನಾನು ಅದನ್ನು ನೋಡಿದ್ದು ಆವತ್ತೇ ಮೊದಲು. ಎಷ್ಟೋ ವರ್ಷ ನೆಲ ಸೀಳಿ ತುದಿ ಸವೆದು ದುಂಡಗಾಗಿತ್ತು. ಯಜಮಾನಿ ಸೆರಗಿನಿಂದ ಸಿಮೆಂಟಿನ ಪುಡಿ ಒರೆಸಿದರು.

“ಕೂಸು ಈಗ ಎಲ್ಲಿಗೆ ಹೋಗ್ತೈತೆ?”

“ಬೇರೆ ಊರಿಗೆ ಅವ್ವ. ಮತ್ತೆ ಗುಂಡಿ, ಮತ್ತೆ ಕಟ್ಟೆ.”

ಕುಳವನ್ನು ನನ್ನ ಎರಡೂ ಕೈಯಲ್ಲಿ ಇಟ್ಟರು. “ಹಂಗಾದ್ರೆ ಇದೂ ಜೊತೆಗೆ ಹೋಗ್ಲಿ. ಈ ಸಲ ದೂರ ಇಡು. ಆದ್ರೆ ಇಡು.”

“ಇಟ್ಟಿದ್ದನ್ನ ಹೇಳಬಾರದಲ್ಲವ್ವ? ನಾನು ಎಲ್ಲಾನೂ ಲಾಗಿನಾಗೆ ಬರೀಬೇಕು.”

“ಬುಕ್ಕಿನಾಗೆ ಬರ್ಕೋ. ಬಾಯಾಗೆ ಹೇಳ್ಬೇಡ.”

ಹೊಸ ಸ್ಟೇಷನ್ನಿನಲ್ಲಿ ಕೋಲು ನೆಟ್ಟು, ಇಡೀ ದಿನ ನೆರಳು ಕಾದು ಗೀಟು ಹಾಕಿದ್ದೇನೆ. ಅಲ್ಲಿ ಬೆಳಿಗ್ಗೆ ಆರೂವರೆಗೆ ಗೆರೆ ನೆಟ್ಟಗೆ ಹೋಗುತ್ತದೆ, ಒಂದು ಮುಳ್ಳೂ ಇಲ್ಲ. ಒಳ್ಳೆಯ ದಾಖಲೆ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ. ಲಾಗ್ ಪುಸ್ತಕದ ಮೊದಲ ಪುಟದಲ್ಲಿ, ಹತ್ತಿರದಲ್ಲಿರುವ ಕಬ್ಬಿಣದ ವಿವರ ಎಂದು ನಾನೇ ಒಂದು ಸಾಲು ಸೇರಿಸಿ, ಅದರ ಎದುರಿಗೆ ಹೀಗೆ ಬರೆದಿದ್ದೇನೆ: ‘ನೇಗಿಲ ಕುಳ, ಒಂದು. ಮಾಪಕದಿಂದ ದಕ್ಷಿಣಕ್ಕೆ ಇಪ್ಪತ್ತು ಹೆಜ್ಜೆ. ಮರುಪರೀಕ್ಷೆ ಮಾಡಿದೆ.’ ಹೊಸಬರು ಅದನ್ನು ಓದಿ, ಇದೇನು ಸರ್ ಅಂತ ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ.